ಉಂಗುರ ಮತ್ತು ಅರಿಶಿನದ ಕೊಂಬು

ಆ ಫೋಟೊದಲ್ಲಿರುವುದು ನನ್ನ ಬಲಗೈ. ಅಷ್ಟು ಖಾತ್ರಿ. ಹೆಬ್ಬೆರಳಿನ ಬುಡದಲ್ಲಿ ಕಲ್ಲಿನ ಚೂರು ಸಿಡಿದು ಆದ ಗಾಯದ ಗೆರೆಯಿದೆ, ಅದು ಈಗಲೂ ಇದೆ. ಕೈಯ ಪಕ್ಕದಲ್ಲಿ ಸ್ಟೀಲಿನ ಜರಡಿ, ಜರಡಿಯ ತುಂಬ ಕೆಂಪು ಮಣ್ಣು, ಅದರ ಅಂಚು ಹಿಡಿದ ಇನ್ನೊಂದು ಕೈ. ಹಸಿರು ಗಾಜಿನ ಬಳೆ ತೊಟ್ಟ ಹೆಂಗಸಿನ ಕೈ. ನನ್ನ ಉಂಗುರದ ಬೆರಳು ಮಣ್ಣಿನಲ್ಲಿ ಅರ್ಧ ಹುಗಿದಿದೆ. ಬೆರಳಿನ ಬುಡದಲ್ಲಿ ಏನೋ ಒಂದು ತಿಳಿಬಣ್ಣದ ಪಟ್ಟಿ ಕಾಣುತ್ತದೆ. ಅದು ಮದುವೆಯಲ್ಲಿ ಹಾಕಿದ ಚಿನ್ನದ ಉಂಗುರವೋ, ಉಂಗುರ ತೆಗೆದ ಮೇಲೆ ಬಿಸಿಲು ಕಾಣದೆ ಉಳಿದ ಚರ್ಮವೋ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ್ದೇನೆ. ದೊಡ್ಡದಾದಷ್ಟೂ ಅದು ಚೌಕ ಚೌಕ ಬಣ್ಣವಾಗಿ ಒಡೆದು ಹೋಗುತ್ತದೆ.

ಹೆಂಡತಿಯನ್ನು ಕೇಳಿದೆ. ಅವಳು ಕಮಲಾಪುರದವಳು, ಯಾವ ಪ್ರಶ್ನೆಗೂ ಸುಮ್ಮನೆ ಉತ್ತರ ಕೊಡುವವಳಲ್ಲ.

“ಕೆಲಸಕ್ಕ ಹೋಗಬೇಕಾದ್ರ ಸೋಪಿನ ಡಬ್ಬ್ಯಾಗ ಬಿಚ್ಚಿಟ್ಟು ಹೋಗ್ತಿದ್ರಿ. ಅರ್ಧಾ ದಿನ ಮರೀತಿದ್ರಿ.”

“ಯಾವ ಅರ್ಧ?”

“ಅದನ್ನ ನಾ ಬರದಿಟ್ಟುಕೊಂಡೀನೇನು? ಸೈಂಟಿಸ್ಟು ನೀವು.”

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ ಮೊದಲ ಪಾಠ, ಕಂಡದ್ದನ್ನು ಕಂಡಾಗಲೇ ಬರೆದಿಡು, ನೆನಪನ್ನು ನಂಬಬೇಡ. ಕಲ್ಲುಗಳ ವಿಷಯದಲ್ಲಿ ಹಾಗೇ ಮಾಡಿದೆ. ಯಾವ ಗುಂಡಿಯಲ್ಲಿ ಎಷ್ಟು ಆಳಕ್ಕೆ ಮಣ್ಣಿನ ಬಣ್ಣ ಬದಲಾಯಿತು ಎಂಬುದು ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಸಿಗುತ್ತದೆ. ಆ ದಿನ ನನ್ನ ಬೆರಳಿನಲ್ಲಿ ಉಂಗುರ ಇತ್ತೋ ಇಲ್ಲವೋ ಎಂಬುದು ಅದರಲ್ಲಿ ಎಲ್ಲೂ ಇಲ್ಲ.

ಕಂಪನಿ ಎಂದರೆ ಹೊಸಪೇಟೆಯಲ್ಲಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ನಕ್ಷೆಗಳು, ಇನ್ನೊಂದರಲ್ಲಿ ಮಣ್ಣಿನ ಚೀಲಗಳು. ಒಂದು ಜೀಪು, ಅದರ ಡ್ರೈವರು, ನಾನು, ತಿಂಗಳಿಗೊಮ್ಮೆ ಹೈದರಾಬಾದಿನಿಂದ ಬರುವ ಡೈರೆಕ್ಟರು. ಸಂಡೂರಿನ ಸುತ್ತ ಎಲ್ಲರೂ ಕಬ್ಬಿಣದ ಅದಿರಿನ ಹಿಂದೆ ಬಿದ್ದಿದ್ದಾಗ ನಾವು ಮಾತ್ರ ಚಿನ್ನ ಹುಡುಕುತ್ತಿದ್ದೆವು. ಡೈರೆಕ್ಟರ ಕಾಗದಗಳಲ್ಲಿ ನಮಗೆ ಮೂರು ‘ಪ್ರಾಪರ್ಟಿ’ಗಳಿದ್ದವು. ಪ್ರಾಪರ್ಟಿ ಎಂದರೆ ನಮ್ಮ ಆಸ್ತಿಯೇನೂ ಅಲ್ಲ. ಹುಡುಕಿ ನೋಡಲು ಸರ್ಕಾರ ಅನುಮತಿ ಕೊಟ್ಟ ಗುಡ್ಡಗಳು, ನಕ್ಷೆಯ ಮೇಲೆ ಕೆಂಪು ಗೆರೆಯ ಮೂರು ಚೌಕಗಳು. ಹಣ ಹಾಕುವವರು ಬಂದಾಗ ಡೈರೆಕ್ಟರು ಬೆಳಿಗ್ಗೆ ಅವರಿಗೆ ನಕ್ಷೆ ತೋರಿಸಿ, ಮಧ್ಯಾಹ್ನ ಹಂಪಿಗೆ ಕರೆದುಕೊಂಡು ಹೋಗುತ್ತಿದ್ದರು. ಬಜಾರಿನ ಕಲ್ಲುಕಂಬಗಳ ನಡುವೆ ನಿಂತು, “ಇಲ್ಲಿ ಚಿನ್ನ ಬೀದಿಯಲ್ಲಿ ಮಾರ್ತಾ ಇದ್ರು. ಹತ್ತಿರದಲ್ಲೇ ಎಲ್ಲೋ ಸಿಕ್ಕಿರಬೇಕಲ್ವಾ?” ಎನ್ನುತ್ತಿದ್ದರು. ಮಾರಿದ ಜಾಗಕ್ಕೂ ಸಿಕ್ಕ ಜಾಗಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಎಲ್ಲವನ್ನೂ ಪ್ರಶ್ನಿಸುತ್ತೇನೆ ಎಂದು ಮೆರೆಯುತ್ತಿದ್ದವನು ಸಂಬಳ ಕೊಡುವವರನ್ನು ಮಾತ್ರ ಪ್ರಶ್ನಿಸುತ್ತಿರಲಿಲ್ಲ.

ನಮ್ಮ ಕೆಲಸ ಸರಳ. ಗುಡ್ಡದ ಮೇಲೆ ಗೆರೆ ಹಿಡಿದು ಅಲ್ಲಲ್ಲಿ ಮೊಣಕಾಲುದ್ದದ ಗುಂಡಿ ತೋಡುವುದು, ಅಡಿಯ ಮಣ್ಣನ್ನು ಜರಡಿ ಹಿಡಿಯುವುದು, ಕೆಳಗೆ ಉದುರಿದ ನುಣುಪು ಪುಡಿಯನ್ನು ಬಟ್ಟೆಯ ಚೀಲಕ್ಕೆ ತುಂಬಿ ನಂಬರು ಬರೆದು ಪ್ರಯೋಗಾಲಯಕ್ಕೆ ಕಳಿಸುವುದು. ಲಾರಿಗಟ್ಟಲೆ ಮಣ್ಣಿನಲ್ಲಿ ಒಂದು ಸಾಸಿವೆ ಕಾಳಿನಷ್ಟು ಚಿನ್ನವಿದ್ದರೂ ಅಲ್ಲಿನ ಯಂತ್ರ ಹೇಳಿಬಿಡುತ್ತದೆ. ಹಾಗಾಗಿ ಕೆಲಸದ ಮೊದಲ ನಿಯಮ ಒಂದೇ: ಮಣ್ಣು ಮುಟ್ಟುವವರ ಮೈಮೇಲೆ ಚಿನ್ನ ಇರಬಾರದು. ಉಂಗುರ ಒಮ್ಮೆ ಮಣ್ಣಿಗೆ ಉಜ್ಜಿದರೂ ಸಾಕು, ಇಲ್ಲದ ಚಿನ್ನ ಇದೆ ಎಂದು ಕಾಣುತ್ತದೆ.

ಯಶವಂತನಗರದ ಹತ್ತಿರದ ಹಳ್ಳಿಯೊಂದರಿಂದ ನಾಲ್ವರು ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ನಾಲ್ವರೇ ಎಂದು ಈಗ ಬರೆಯುತ್ತಿದ್ದೇನೆ. ಐವರಿದ್ದರು ಎಂದು ಯಾರಾದರೂ ಹೇಳಿದರೆ ಜಗಳವಾಡುವುದಿಲ್ಲ. ನಿಯಮ ಹೇಳಿದಾಗ ಅವರು ಓಲೆ ಬಿಚ್ಚಿದರು, ಮೂಗುಬೊಟ್ಟು ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ತಾಳಿಯ ಮಾತು ಬಂದಾಗ ಎಲ್ಲರೂ ಅದನ್ನು ರವಿಕೆಯೊಳಗೆ ಸೇರಿಸಿಕೊಂಡರು.

“ಅದೊಂದು ಬಿಟ್ಟು ಬ್ಯಾರೆ ಏನಾದ್ರೂ ಕೇಳ್ರಿ,” ಅಂದಳು ಅವರಲ್ಲಿ ಹಿರಿಯಳು. “ಬೇಕಾದ್ರ ತಲಿ ಬೋಳಿಸ್ಕೊಂಡು ಬರ್ತೀವಿ.”

ಉಳಿದವರು ನಕ್ಕರು. ಮೂವರಿಗೆ ಗುಂಡಿ ತೋಡುವ ಕೆಲಸ ಕೊಟ್ಟೆ, ಗುದ್ದಲಿ ಹಿಡಿದವರ ತಾಳಿ ಮಣ್ಣಿಗೆ ತಾಗುವ ಭಯ ಕಡಿಮೆ. ಜರಡಿಗೆ ಒಬ್ಬರು ಬೇಕಿತ್ತು. ಅವರಲ್ಲಿ ಚಿಕ್ಕವಳ ಕೈ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅವಳು ಜರಡಿ ಆಡಿಸಿದರೆ ಒಂದು ಚಿಟಿಕೆ ಪುಡಿಯೂ ಗಾಳಿಗೆ ಹಾರುತ್ತಿರಲಿಲ್ಲ. ನಾನು ಅವಳಿಗೆ ಮತ್ತೆ ಹೇಳಿದೆ. ಚಿನ್ನ ಒಂದು ಲೋಹ, ಕಬ್ಬಿಣದ ಹಾಗೆ, ತಾಮ್ರದ ಹಾಗೆ, ಅದಕ್ಕೆ ಯಾರ ಆಯುಷ್ಯವೂ ಗೊತ್ತಿಲ್ಲ ಎಂದು. ಆಗ ನನ್ನ ಮದುವೆಯಾಗಿ ಎರಡು ತಿಂಗಳಾಗಿತ್ತು.

ಅವಳು ಕೇಳಿದಳು: “ಅರಿಶಿನದ ಕೊಂಬು ಕಟ್ಟಿಕೊಂಡ್ರ ನಡೀತೈತೇನ್ರಿ?”

ಬಂಗಾರದ ತಾಳಿ ಯಾವ ಕಾರಣಕ್ಕೋ ಕೈಯಲ್ಲಿಲ್ಲದಿದ್ದಾಗ ಹೆಂಗಸರು ದಾರಕ್ಕೆ ಅರಿಶಿನ ಹಚ್ಚಿ, ಅರಿಶಿನದ ಕೊಂಬೊಂದನ್ನು ಕಟ್ಟಿ ಕೊರಳಿಗೆ ಹಾಕಿಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ಕೊಂಬು ಕಟ್ಟಿದ ಮೇಲೆಯೇ ತಾಳಿ ಬಿಚ್ಚಬೇಕು. ಕೊರಳು ಒಂದು ಗಳಿಗೆಯೂ ಬರಿದಾಗಿರಬಾರದು. ಮರುದಿನ ಅವಳು ಹಾಗೇ ಬಂದಳು. ಅತ್ತೆಗೆ ಗೊತ್ತಾಗದಂತೆ ಸೆರಗು ಎಳೆದುಕೊಂಡಿದ್ದಳು. ಗಂಡನಿಗೆ ಮಾತ್ರ ಹೇಳಿದ್ದಳು.

ಗಂಡ ಅದಿರಿನ ಲಾರಿಯ ಡ್ರೈವರು. ಗುಡ್ಡದಿಂದ ಕುರೆಕುಪ್ಪದ ಕಡೆ ಹೋಗುವಾಗ ನಮ್ಮ ಗುಂಡಿಗಳ ಹತ್ತಿರ ಲಾರಿ ನಿಲ್ಲಿಸುತ್ತಿದ್ದ. ಕೆಂಪು ದೂಳಿನಲ್ಲಿ ಮಿಂದ ಮುಖ, ಅದರೊಳಗಿಂದ ಬಿಳಿ ಹಲ್ಲು.

“ಸರ, ನಾ ಕಟ್ಟಿದ ತಾಳಿ ಬಿಚ್ಚಿಸಿದ ಗಂಡಸು ಅಂದ್ರ ನೀವೊಬ್ರೇ ನೋಡ್ರಿ,” ಎಂದು ಸ್ಟೇರಿಂಗಿನ ಮೇಲಿಂದಲೇ ಕೂಗಿದ. ಗುಂಡಿ ತೋಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಅವಳು ಜರಡಿ ನಿಲ್ಲಿಸದೆ ಅಂದಳು: “ಹೋಗಲೇ, ನಿನ್ನ ಲಾರಿ ದೂಳು ನನ್ನ ಜರಡ್ಯಾಗ ಬೀಳ್ತೈತಿ. ಸಾಹೇಬ್ರು ನಿನ್ನೂ ಬಿಚ್ಚಿ ಇಡಸ್ತಾರ ನೋಡು.”

“ಬಂಗಾರ ಸಿಕ್ರ ಇಕಿಗೆ ಒಂದು ಎಳಿ ಮಾಡಿಸಿ ಕೊಡ್ರಿ ಸರ. ನನ್ನ ತಾಳಿ ಭಾಳ ಸಣ್ಣದಾತಂತ,” ಎನ್ನುತ್ತ ಅವನು ಹೋದ.

ಇದು ನಡೆದದ್ದು ನಿಜ. ಹಾಗೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಆ ಫೋಟೊ ತೆಗೆದದ್ದು ಅದೇ ದಿನವೋ, ಆ ವಾರದ ಬೇರೆ ಯಾವುದೋ ದಿನವೋ ಹೇಳಲಾರೆ. ತೆಗೆದದ್ದು ಜೀಪಿನ ಡ್ರೈವರು. ಜರಡಿಯ ಅಳತೆ ಗೊತ್ತಾಗಲಿ ಎಂದು ನಾನೇ ಕೈ ಇಟ್ಟಿದ್ದೆ. ಅವಳು ಕೈ ಆಡಿಸಿದ ಮಣ್ಣನ್ನು ನಾನೂ ಬೆರಳಿನಿಂದ ಕೆದಕಿ ನೋಡುತ್ತಿದ್ದೆ. ಅದು ನನ್ನ ಚಟ.

ಆ ಸುತ್ತಿನ ಕೆಲಸ ಮುಗಿಯಿತು. ಅವಳು ಮನೆಗೆ ಹೋಗಿ ಬಂಗಾರದ ತಾಳಿ ಮತ್ತೆ ಕಟ್ಟಿಕೊಂಡಳು. ಕೆಲವು ವಾರಗಳ ನಂತರ ಪ್ರಯೋಗಾಲಯದಿಂದ ಫಲಿತಾಂಶ ಬಂತು. ಒಂದು ಗೆರೆಯ ಮೇಲಿನ ಗುಂಡಿಗಳಲ್ಲಿ ಒಂದರ ಹಿಂದೊಂದು ಚಿನ್ನ ಕಾಣಿಸಿಕೊಂಡಿತ್ತು. ನಾನು ಟೈರ್ ಅಂಗಡಿಯವರಿಗೂ ಪೇಢೆ ಹಂಚಿದೆ. ಡೈರೆಕ್ಟರು ಫೋನಿನಲ್ಲಿ ಎರಡು ಸಲ ನನ್ನ ಹೆಸರು ಹಿಡಿದು ಕರೆದರು. ಅದುವರೆಗೆ ಅವರು ನನ್ನನ್ನು ‘ಹೊಸಪೇಟೆ’ ಎನ್ನುತ್ತಿದ್ದರು.

ಆ ಸಂತೋಷದ ದಿನಗಳಲ್ಲೇ ಅವಳ ಗಂಡನ ಲಾರಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಉರುಳಿತು. ಅದಿರು ಅವನ ಮೇಲೆ ಬಿದ್ದಿತ್ತು.

ಅವನನ್ನು ಮಣ್ಣು ಮಾಡುವ ದಿನ ನಾನೂ ಜೀಪಿನ ಡ್ರೈವರೂ ಹೋಗಿದ್ದೆವು. ಮನೆಯ ಮುಂದೆ ಗಂಡಸರ ಗುಂಪಿನಲ್ಲಿ ನಿಂತಿದ್ದೆ. ಒಳಗೆ ಹೆಂಗಸರ ಅಳು. ಅದರ ನಡುವೆ ನಮ್ಮ ಕೆಲಸಕ್ಕೆ ಬರುತ್ತಿದ್ದವರಲ್ಲಿ ಒಬ್ಬಳು, ಕೇಡು ಬಗೆದಲ್ಲ, ಬರೀ ದುಃಖದಲ್ಲಿ, “ಬಿಚ್ಚಬ್ಯಾಡಲೇ ಅಂತ ಬಡ್ಕೊಂಡೆ, ಕೇಳಿದ್ಯಾ” ಎಂದಳಂತೆ. ಅತ್ತೆ, “ಏನು ಬಿಚ್ಚಿದ್ಲು?” ಎಂದು ಕೇಳಿದಳಂತೆ. ಇದನ್ನು ನಾನೇ ಕೇಳಿಸಿಕೊಂಡೆನೋ, ಆಮೇಲೆ ಡ್ರೈವರು ಹೇಳಿದ್ದನ್ನು ಕೇಳಿಸಿಕೊಂಡಂತೆ ಮಾಡಿಕೊಂಡಿದ್ದೇನೋ ಗೊತ್ತಿಲ್ಲ. ಒಳಗಿನ ಅಳು ಒಂದು ಕ್ಷಣ ನಿಂತು ಮತ್ತೆ ಶುರುವಾದದ್ದು ಮಾತ್ರ ನೆನಪಿದೆ.

ಅದಾದ ಒಂದೂವರೆ ತಿಂಗಳಿಗೆ ಡೈರೆಕ್ಟರು ಬೇರೆ ಕಡೆಯ ತಂಡವೊಂದನ್ನು ಕರೆಸಿ ಅದೇ ಗೆರೆಯ ಮೇಲೆ ಮತ್ತೆ ಮಣ್ಣು ತೆಗೆಸಿದರು. ಹಣ ಹಾಕುವವರು ಕೇಳುತ್ತಾರೆ, ಅದು ಪದ್ಧತಿ. ಫಲಿತಾಂಶ ಬಂದಾಗ ಆ ಗುಂಡಿಗಳಲ್ಲಿ ಏನೂ ಇರಲಿಲ್ಲ. ಎಲ್ಲ ಗುಡ್ಡಗಳಲ್ಲಿ ಇರುವಷ್ಟೇ ಮಣ್ಣು.

ಡೈರೆಕ್ಟರು ಎದುರಿಗೆ ಕುಳಿತು ಕೇಳಿದರು: “ನಾನವರಿಗೆ ಏನು ಹೇಳಲಯ್ಯಾ? ಜರಡಿ ಹಿಡಿದವರು ಯಾರು?”

“ಊರ ಹೆಂಗಸರು, ಸರ್.”

“ಕೊರಳಲ್ಲಿ ತಾಳಿ ಇತ್ತಾ?”

“ಇತ್ತು ಸರ್.”

ನಾಲ್ವರಲ್ಲಿ ಮೂವರ ಕೊರಳಲ್ಲಿ ಇತ್ತು. ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ ಎಂದುಕೊಂಡೆ. ಜರಡಿ ಹಿಡಿದದ್ದು ನಾಲ್ಕನೆಯವಳು. ಆದ್ದರಿಂದ ಅದು ಪೂರ್ತಿ ಸುಳ್ಳು.

ಅವರು ನನ್ನ ಕೈಯನ್ನು ನೋಡಲಿಲ್ಲ. ನಾನೇ ಅದನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದೆನೇನೋ. ವರದಿಯಲ್ಲಿ ಒಂದು ಸಾಲು ಬರೆದೆ: ಜರಡಿ ಹಿಡಿಯುವಾಗ ಸ್ಥಳೀಯ ಹೆಂಗಸರು ತಾಳಿ ಧರಿಸಿಯೇ ಇದ್ದುದರಿಂದ ಅದರ ಚಿನ್ನ ಮಣ್ಣಿಗೆ ತಾಗಿರುವ ಸಂಭವವಿದೆ. ಅವಳು ಹೇಗಿದ್ದರೂ ಇನ್ನು ಕೆಲಸಕ್ಕೆ ಬರುವುದಿಲ್ಲ, ಈ ಸಾಲಿನಿಂದ ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದ್ದೆ.

ಹತ್ತು ದಿನಕ್ಕೆ ಅವಳು ಹೊಸಪೇಟೆಗೆ ಬಂದಳು. ಬೆಳಗಿನ ಬಸ್ಸಿಗೆ ಬಂದಿರಬೇಕು, ಟೈರ್ ಅಂಗಡಿಯವರು ಆಗಷ್ಟೇ ಬಾಗಿಲು ತೆಗೆಯುತ್ತಿದ್ದರು. ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿ ನಿಂತಳು. ವರದಿಯ ವಿಷಯ ಅವಳಿಗೆ ಜೀಪಿನ ಡ್ರೈವರು ಹೇಳಿದ್ದ. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈಗುಳಕ್ಕೆ ಸಿದ್ಧನಾಗಿ ಕುಳಿತೆ.

“ಸರ, ನಾ ತಾಳಿ ಬಿಚ್ಚಿದ್ದಿಲ್ಲ ಅಂತ ನೀವು ಕಾಗದದಾಗ ಬರದೀರಂತಲ್ಲ, ಖರೇ ಏನ್ರಿ?”

ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಒಟ್ಟುಮಾಡತೊಡಗಿದೆ.

“ಅದನ್ನ ಒಂದು ಹಾಳ್ಯಾಗ ಬರದು ಕೊಡ್ರಿ. ಕಂಪನಿ ಸಿಕ್ಕಾ ಹಾಕ್ರಿ. ನಮ್ಮತ್ತಿ ಮುಂದ ಓದಿಸ್ತೀನಿ. ಮಗಳ್ನ ತನ್ನ ಹತ್ರ ಇಟ್ಟುಕೊಂಡಾಳ, ನನ್ನ ಒಳಗ ಬಿಡವಲ್ಲಳು. ತಾಳಿ ಬಿಚ್ಚಿ ನನ್ನ ಮಗನ್ನ ತಿಂದಿ ಅಂತಾಳ.”

ಮಗಳಿಗೆ ಆಗ ನಾಲ್ಕು ವರ್ಷ. ಒಂದು ಹಾಳೆ, ಒಂದು ಮೊಹರು. ಎರಡೂ ನನ್ನ ಮೇಜಿನ ಮೇಲೆಯೇ ಇದ್ದವು. ವರದಿಯ ಪ್ರತಿ ಕೆಳಗಿನ ಡ್ರಾಯರಿನಲ್ಲಿತ್ತು. ನಾನು ಮಾಡಿದ್ದೇನು ಎಂದರೆ ಅವಳಿಗೆ ಪಾಠ ಹೇಳಿದೆ. ತಾಳಿಗೂ ಸಾವಿಗೂ ಸಂಬಂಧವಿಲ್ಲ, ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ, ನಾನು ಇಂಥ ಮೂಢನಂಬಿಕೆಗೆ ಕಾಗದ ಬರೆದುಕೊಟ್ಟರೆ ಅದನ್ನು ಒಪ್ಪಿದಂತಾಗುತ್ತದೆ ಎಂದೆ.

ಅವಳು ಕೊನೆಯವರೆಗೂ ಕೇಳಿದಳು.

“ಅದು ನನಗೂ ಗೊತ್ತೈತ್ರಿ. ಬ್ರೇಕ್ ಹಿಡೀಲಿಲ್ಲ, ಸತ್ತ. ನನ್ನ ತಾಳ್ಯಾಗೇನು ಬ್ರೇಕ್ ಇತ್ತೇನ್ರಿ? ಅವನಽ ಇದ್ದಿದ್ರ ಹೇಳ್ತಿದ್ದ, ನಾನಽ ನಕ್ಕೋತ ಒಪ್ಪೀನಿ ಅಂತ. ಈಗ ನಮ್ಮತ್ತಿಗೆ ಹೇಳೋರು ಯಾರದಾರ?”

“ಸುಳ್ಳು ಬರೆದು ಕೊಡೋದು ಹೇಗವ್ವಾ?” ಎಂದೆ.

“ಬರದೀರಲ್ರಿ ಆಗ್ಲೇ.”

ಅದರಲ್ಲಿ ಚುಚ್ಚು ಇರಲಿಲ್ಲ. ಬರೆದದ್ದನ್ನೇ ಇನ್ನೊಂದು ಹಾಳೆಗೆ ಇಳಿಸಲು ಏನು ಕಷ್ಟ ಎಂದು ನಿಜವಾಗಿ ಕೇಳುತ್ತಿದ್ದಳು. ನನ್ನ ಹೆದರಿಕೆ ಬೇರೆ. ಆ ಹಾಳೆ ಊರಿಗೆ ಹೋದರೆ ಉಳಿದ ಮೂವರು, ಇಲ್ಲ, ಇವಳು ಕೊಂಬು ಕಟ್ಟಿಕೊಂಡೇ ಬರುತ್ತಿದ್ದಳು ಎನ್ನುತ್ತಾರೆ. ಆಗ ಮಣ್ಣಿಗೆ ತಾಗಿದ ಚಿನ್ನ ಯಾರದು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಅಷ್ಟರಲ್ಲೇ ಎದ್ದಿತ್ತೋ, ಇಲ್ಲ ಈಗ ನಾನು ಅದನ್ನು ಅಲ್ಲಿ ಇಡುತ್ತಿದ್ದೇನೋ. ಎದ್ದಿತ್ತು ಎಂದೇ ಇಟ್ಟುಕೊಳ್ಳುತ್ತೇನೆ. ಈ ಒಂದು ಸಂಶಯದ ಲಾಭವನ್ನು ನಾನು ಪಡೆಯಬಾರದು.

ಅವಳು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದಳು. “ಬರ್ತೀನ್ರಿ” ಎಂದಳು. ಮೆಟ್ಟಿಲು ಇಳಿದ ಸದ್ದು ಬಹಳ ಹೊತ್ತು ಕೇಳಿತು. ಹನ್ನೆರಡೇ ಮೆಟ್ಟಿಲು ಇದ್ದವು.

ಮುಂದಿನ ವರ್ಷ ಕಂಪನಿ ಆ ಗುಡ್ಡಗಳ ಅನುಮತಿಯನ್ನು ಹಿಂದಿರುಗಿಸಿತು. ಮೂರು ಪ್ರಾಪರ್ಟಿಗಳೂ ಮತ್ತೆ ಬರೀ ಗುಡ್ಡಗಳಾದವು. ನಾನು ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಕೆಲಸ ಮೂರು ಸಲ ಬದಲಾಯಿಸಿದೆ, ಬಾಡಿಗೆ ಮನೆ ಐದು ಸಲ. ಪ್ರತಿ ಸಲ ಸಾಮಾನು ಕಟ್ಟುವಾಗ ಆ ವರದಿಯ ಪ್ರತಿ ಕೈಗೆ ಸಿಗುತ್ತಿತ್ತು, ಪ್ರತಿ ಸಲ ಅದನ್ನು ಇನ್ನೊಂದು ಪೆಟ್ಟಿಗೆಗೆ ಹಾಕುತ್ತಿದ್ದೆ.

ಈ ಸಲ ಹಾಕಲಿಲ್ಲ. ಹಳೆಯ ಜೀಪಿನ ಡ್ರೈವರು ಈಗ ಹೊಸಪೇಟೆಯಲ್ಲಿ ಆಟೊ ಇಟ್ಟಿದ್ದಾನೆ. ಅವಳು ತವರಿನ ಕಡೆ, ಕಂಪ್ಲಿಯಲ್ಲಿ ಇದ್ದಾಳೆ ಎಂದು ಅವನೇ ಹೇಳಿದ. ಆ ಸಾಲನ್ನು ಕನ್ನಡದಲ್ಲಿ ಚೆನ್ನಾಗಿ ಬರೆದು, ಸಹಿ ಹಾಕಿ, ವರದಿಯ ಪ್ರತಿಯನ್ನೂ ಜೊತೆಗಿಟ್ಟುಕೊಂಡು ಬಸ್ಸು ಹತ್ತಿದೆ. ಹದಿನೈದು ವರ್ಷ ತಡವಾಗಿ, ಅವಳು ಕೇಳಿದ ಸುಳ್ಳನ್ನು ಕೊಡಲು ಹೋದೆ.

ಕೋಟೆಯ ಕಡೆ ಹೋಗುವ ದಾರಿಯಲ್ಲಿ ಅವಳ ಮನೆ, ಹಿಂದೆ ಬಾಳೆತೋಟ. ಮೊಣಕಾಲು ನೋವೆಂದು ಅವಳು ಅವತ್ತು ಕಳೆ ತೆಗೆಯಲು ಹೋಗಿರಲಿಲ್ಲ. ನನ್ನನ್ನು ನೋಡಿ ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

“ಬರ್ರಿ ಸರ, ಕುಂದ್ರಿ. ಭಾಳ ದಪ್ಪ ಆಗೀರಿ.”

ಚಹಾ ಕೊಟ್ಟಳು. ನಾನು ಹಾಳೆ ತೆಗೆದು ಕೊಟ್ಟೆ. ಓದಲು ಬಾರದು ಎಂದು ತಿರುಗಿ ಕೊಟ್ಟಳು. ಓದಿ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

“ನಮ್ಮತ್ತಿ ಹೋಗಿ ನಾಕು ವರ್ಷಾತು. ಈಗ ಯಾರ ಮುಂದ ಓದಿಸ್ಲಿ?”

“ಮಗಳು?”

“ಹ್ವಾದ ವರ್ಷ ಲಗ್ನ ಆತು. ಕರೆದಿದ್ರು. ಹಿಂದ ನಿಂತು ಅಕ್ಕಿಕಾಳು ಹಾಕಿದೆ. ಅವ್ವ ಅಂತ ಕರಿಯಂಗಿಲ್ಲ ಬಿಡ್ರಿ, ರೂಢಿಲ್ಲ. ಕಂಪ್ಲ್ಯಾಕಿ ಅಂತಾಳ, ಕಂಪ್ಲಿ ಊರಿನಾಕಿ ಅಂತ.”

ಇಷ್ಟನ್ನು ಅವಳು ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು. ನಾನು ಮೊಬೈಲಿನಲ್ಲಿದ್ದ ಆ ಫೋಟೊ ತೋರಿಸಿದೆ. ಅವಳು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಅವಳ ಕಣ್ಣು ನನ್ನ ಕೈಯ ಮೇಲೆ ಹೋಗಲೇ ಇಲ್ಲ.

“ಇವು ಸಂಡೂರ ಸಂತ್ಯಾಗ ಅವನಽ ಕೊಡಿಸಿದ ಬಳಿ. ಎಷ್ಟು ಹಸರಿದ್ವು ನೋಡ್ರಿ.”

ಬಹಳ ಹೊತ್ತು ನೋಡಿದಳು. ಆಮೇಲೆ ನಾನು ಕೇಳಿದೆ. ನನ್ನ ಬೆರಳಿನಲ್ಲಿ ಉಂಗುರ ಇತ್ತೋ ಇಲ್ಲವೋ, ನಿನಗೇನಾದರೂ ನೆನಪಿದೆಯೇ ಎಂದು. ಇಲ್ಲ ಎಂದು ಹೇಳಲಿ ಎಂದು ಕಾಯುತ್ತಿದ್ದೆ.

“ಇತ್ತ್ರಿ,” ಎಂದಳು. “ಒಂದಿನ ಅಲ್ಲ, ಭಾಳ ದಿನ ಇರ್ತಿತ್ತು. ಆ ಮಣ್ಣಾಗ ಬೆರಳಾಡಸ್ತಿದ್ರಲ್ಲ, ನಾ ನೋಡ್ತಿದ್ದೆ.”

“ಮತ್ತೆ ಆಗಲೇ ಯಾಕೆ ಹೇಳಲಿಲ್ಲ?”

“ಹೆಂಗ ಹೇಳ್ಲಿರಿ? ಹೊಸಾ ಲಗ್ನ ಆಗಿತ್ತು ನಿಮಗ. ನಾ ಏನೋ ಗಟ್ಟಿ ಮನಸು ಮಾಡಿ ಬಿಚ್ಚಿದ್ದೆ, ಒಳಗ ಅಂಜಿಕಿ ಇದ್ದಽ ಇತ್ತು. ಉಂಗುರ ಬಿಚ್ಚಿಸಿ ನಿಮ್ಮ ಮನಿಯಾಕಿಗೆ ಯಾಕ ಆ ಅಂಜಿಕಿ ಅಂತ ಸುಮ್ಮನಾದೆ.” ಮೊಬೈಲನ್ನು ಸೆರಗಿನಲ್ಲಿ ಒರೆಸಿ ನನಗೆ ತಿರುಗಿ ಕೊಟ್ಟಳು. “ಅವರು ಚೊಲೋ ಅದಾರೇನ್ರಿ?”

ಚೆನ್ನಾಗಿದ್ದಾಳೆ ಎಂದೆ.

“ಅಷ್ಟಽ ಸಾಕು ಬಿಡ್ರಿ,” ಎಂದಳು. ಹಾಳೆಯನ್ನು ಮಡಚಿ ನನ್ನ ಚೀಲದೊಳಗೆ ಅವಳೇ ಇಟ್ಟಳು.

ಕಂಪ್ಲಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅವಳ ಮಾತುಗಳನ್ನು ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊಸಪೇಟೆಯ ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಅವು ನನಗೆ ಅನುಕೂಲವಾಗುವಂತೆ ಬದಲಾಗಿಬಿಡಬಹುದು ಎಂಬ ಹೆದರಿಕೆ ಇತ್ತು.